ಓದುಗರ ಪ್ರಶ್ನೆ: ಇಷ್ಟು ನಿಧಾನವಾಗಿ ಓಡಿದರೆ ವೇಗ ಬರುವುದು ಹೇಗೆ?

ಪ್ರಶ್ನೆ: ನನಗೆ 43 ವರ್ಷ, ಊರು ದಾವಣಗೆರೆ. ಕಳೆದ ವರ್ಷ 10 ಕಿಲೋಮೀಟರ್ ಓಟ ಮುಗಿಸಿದ್ದೇನೆ, ಈ ಸಲ ಹಾಫ್ ಮ್ಯಾರಥಾನ್ ಓಡುವ ಆಸೆಯಿದೆ. 180ರಲ್ಲಿ ವಯಸ್ಸನ್ನು ಕಳೆದು, ಬಂದ ಸಂಖ್ಯೆಯನ್ನು ಹೃದಯಬಡಿತ ದಾಟದಂತೆ ಓಡಬೇಕೆಂದು ಗೆಳೆಯರು ಹೇಳುತ್ತಾರೆ. ಆದರೆ 137ರೊಳಗೆ ಓಡಲು ಹೋದರೆ ಕುಂದವಾಡ ಕೆರೆಯ ಬಳಿ ವಾಕಿಂಗ್ ಬರುವ ಹಿರಿಯರೂ ನನ್ನನ್ನು ಹಿಂದೆ ಹಾಕಿ ಹೋಗುತ್ತಾರೆ. ಇದರಿಂದ ನಿಜಕ್ಕೂ ವೇಗ ಬರುತ್ತದೆಯೇ?

ಉತ್ತರ: ಬರುತ್ತದೆ. ಆದರೆ ವಾರಕ್ಕೆ ನೀವು ಎಷ್ಟು ಗಂಟೆ ಓಡುತ್ತೀರಿ ಎನ್ನುವುದರ ಮೇಲೆ ಅದು ನಿಂತಿದೆ, 137 ಎಂಬ ಸಂಖ್ಯೆಯ ಮೇಲಲ್ಲ. ಹಿರಿಯರು ಹಿಂದೆ ಹಾಕಿದರೆಂದು ಬೇಸರಪಡಬೇಕಾಗಿಲ್ಲ. ಅದೇ ಕೆರೆಯ ದಾರಿಯಲ್ಲಿ ನನ್ನನ್ನೂ ಅವರು ಒಂದು ಮಳೆಗಾಲ ಪೂರ್ತಿ ಹಿಂದೆ ಹಾಕಿದ್ದಾರೆ, ಒಬ್ಬರಂತೂ ನಿಂತು ‘ಕಾಲು ನೋವೇನಪ್ಪಾ’ ಎಂದು ಕನಿಕರದಿಂದ ವಿಚಾರಿಸಿದ್ದೂ ಉಂಟು.

ನಿಮ್ಮ ಗೆಳೆಯರು ಹೇಳಿದ ಸೂತ್ರ ಅಮೆರಿಕದ ತರಬೇತುದಾರ ಫಿಲ್ ಮ್ಯಾಫೆಟೋನ್ ಅವರದು. 180ರಲ್ಲಿ ವಯಸ್ಸು ಕಳೆಯುವುದು ಅದರ ಅರ್ಧ ಮಾತ್ರ. ದೊಡ್ಡ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಅಥವಾ ನಿತ್ಯ ಔಷಧಿ ಸೇವಿಸುವವರು ಇನ್ನೂ 10 ಕಳೆಯಬೇಕು. ಪದೇ ಪದೇ ನೆಗಡಿ, ಅಲರ್ಜಿ, ಗಾಯಗಳಿಂದ ಬಳಲುವವರು ಅಥವಾ ಆಗಷ್ಟೇ ವ್ಯಾಯಾಮ ಶುರುಮಾಡಿದವರು 5 ಕಳೆಯಬೇಕು. ಎರಡು ವರ್ಷಕ್ಕೂ ಹೆಚ್ಚು ಕಾಲ ತೊಂದರೆಯಿಲ್ಲದೆ ಓಡಿ ಸುಧಾರಿಸಿದವರು 5 ಸೇರಿಸಿಕೊಳ್ಳಬಹುದು. ಈ ವಿಧಾನಕ್ಕೆ ಹೆಸರು ತಂದುಕೊಟ್ಟವರು ಈಜು, ಸೈಕಲ್, ಓಟ ಮೂರೂ ಸೇರಿದ ಹವಾಯಿಯ ಐರನ್‌ಮ್ಯಾನ್ ಸ್ಪರ್ಧೆಯನ್ನು 1989ರಿಂದ 1995ರ ನಡುವೆ ಆರು ಬಾರಿ ಗೆದ್ದ ಮಾರ್ಕ್ ಅಲೆನ್. ಅವರು ದಿನಕ್ಕೆ ಹಲವು ಗಂಟೆ ಅಭ್ಯಾಸವನ್ನೇ ಕಸುಬು ಮಾಡಿಕೊಂಡವರು ಎಂಬುದನ್ನು ಅವರ ಉದಾಹರಣೆ ಕೊಡುವವರು ಸಾಮಾನ್ಯವಾಗಿ ಮರೆಯುತ್ತಾರೆ.

ನಿಧಾನ ಓಟದಿಂದ ಒಳಗೆ ಏನಾಗುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಸಂಗತಿ. ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತದ ಪ್ರಮಾಣ ಬಹುತೇಕರಲ್ಲಿ ಮಧ್ಯಮ ಶ್ರಮದಲ್ಲಿಯೇ ತನ್ನ ಗರಿಷ್ಠದ ಸಮೀಪಕ್ಕೆ ಬಂದಿರುತ್ತದೆ. ಹಾಗಾಗಿ ಹೃದಯದ ಕೋಣೆ ತುಂಬಿ ಹಿಗ್ಗುವ ವ್ಯಾಯಾಮ ನಿಧಾನ ಓಟದಲ್ಲೂ ಸಿಗುತ್ತದೆ, ಮೇಲಾಗಿ ಅದನ್ನು ಒಂದೂವರೆ ಗಂಟೆ ನಡೆಸಬಹುದು. ಏದುಸಿರು ಬಿಡುವ ಓಟವನ್ನು ಅಷ್ಟು ಹೊತ್ತು ಯಾರೂ ನಡೆಸಲಾರರು. ತಿಂಗಳುಗಟ್ಟಲೆ ಹೀಗೆ ಓಡಿದಾಗ ಸ್ನಾಯುಗಳಲ್ಲಿ ರಕ್ತದ ಲೋಮನಾಳಗಳು ಹೆಚ್ಚುತ್ತವೆ, ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳು ಸಂಖ್ಯೆಯಲ್ಲೂ ಗಾತ್ರದಲ್ಲೂ ಬೆಳೆಯುತ್ತವೆ, ಅದೇ ವೇಗದಲ್ಲಿ ಓಡಲು ಸಕ್ಕರೆಗಿಂತ ಕೊಬ್ಬನ್ನು ಹೆಚ್ಚು ಉರಿಸುವ ಶಕ್ತಿ ದೇಹಕ್ಕೆ ಬರುತ್ತದೆ.

ಕೊನೆಯ ಮಾತಿಗೆ ಒಂದು ಸರಳ ಲೆಕ್ಕವಿದೆ. ಒಂದು ಕಿಲೋಮೀಟರ್ ಓಡಲು ದೇಹದ ಪ್ರತಿ ಕಿಲೋ ತೂಕಕ್ಕೆ ಹೆಚ್ಚುಕಡಿಮೆ 1 ಕಿಲೋಕ್ಯಾಲೊರಿ ಬೇಕು. 65 ಕಿಲೋ ತೂಕದವರಿಗೆ ಪೂರ್ಣ ಮ್ಯಾರಥಾನಿಗೆ ಸುಮಾರು 2,700 ಆಯಿತು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಕೊಡುವುದು ಅಂದಾಜು 2,000 ಮಾತ್ರ. ಆರಂಭದಿಂದಲೇ ಸಕ್ಕರೆಯನ್ನು ದುಂದುವೆಚ್ಚ ಮಾಡಿದವರ ಕಾಲು 30ನೇ ಕಿಲೋಮೀಟರಿನ ಆಚೀಚೆ ಮರಗಟ್ಟಿದಂತಾಗುವುದು ಇದರಿಂದಲೇ. ಕೊಬ್ಬಿನ ದಾಸ್ತಾನು ಸಣಕಲು ಮನುಷ್ಯನಲ್ಲೂ ಹತ್ತಾರು ಸಾವಿರ ಕಿಲೋಕ್ಯಾಲೊರಿಯಷ್ಟಿರುತ್ತದೆ. ಹಾಫ್ ಮ್ಯಾರಥಾನಿನಲ್ಲಿ ಈ ಕೊರತೆ ಅಷ್ಟು ಕಾಡುವುದಿಲ್ಲವಾದರೂ ಕೊನೆಯ ಐದು ಕಿಲೋಮೀಟರುಗಳಲ್ಲಿ ವ್ಯತ್ಯಾಸ ತಿಳಿಯುತ್ತದೆ. ಒಂದು ಎಚ್ಚರಿಕೆ: ಓಡುವಾಗ ಕೊಬ್ಬು ಉರಿಯುವುದಕ್ಕೂ ತೂಕ ಇಳಿಯುವುದಕ್ಕೂ ನೇರ ಸಂಬಂಧವಿಲ್ಲ. ಭಾನುವಾರದ ಓಟ ಮುಗಿಸಿ ನಾವೆಲ್ಲ ಸಾಲಾಗಿ ಕೂತು ತಿನ್ನುವ ಬೆಣ್ಣೆ ದೋಸೆಗಳು ಆ ಲೆಕ್ಕವನ್ನು ಅಲ್ಲಿಯೇ ಚುಕ್ತಾ ಮಾಡಿಬಿಡುತ್ತವೆ.

ಇನ್ನು ಆ 137ರ ವಿಚಾರ. ವಯಸ್ಸಿನಿಂದ ಹೃದಯಬಡಿತ ಲೆಕ್ಕ ಹಾಕುವ ಸೂತ್ರಗಳೆಲ್ಲ ಸರಾಸರಿಯ ಅಂದಾಜುಗಳು. ಗರಿಷ್ಠ ಬಡಿತಕ್ಕೆ 220ರಲ್ಲಿ ವಯಸ್ಸು ಕಳೆಯುವ ಹಳೆಯ ಸೂತ್ರ ಹಿಡಿದರೆ ನಿಮಗೆ 177 ಬರುತ್ತದೆ; 208ರಲ್ಲಿ ವಯಸ್ಸಿನ 0.7 ಪಟ್ಟು ಕಳೆಯುವ, 2001ರಲ್ಲಿ ಪ್ರಕಟವಾದ ಸೂತ್ರ ಹಿಡಿದರೆ 178. ಆದರೆ ನಿಮ್ಮದೇ ವಯಸ್ಸಿನ ಒಬ್ಬರ ನಿಜವಾದ ಗರಿಷ್ಠ 165 ಇರಬಹುದು, ಇನ್ನೊಬ್ಬರದು 195 ಇರಬಹುದು. ಮೊದಲನೆಯವರಿಗೆ 137 ಎಂದರೆ ಗರಿಷ್ಠದ ಶೇ 83, ಅಂದರೆ ಸಾಕಷ್ಟು ಶ್ರಮದ ಓಟ. ಎರಡನೆಯವರಿಗೆ ಅದು ಶೇ 70, ಅಂದರೆ ಹರಟೆ ಹೊಡೆಯುತ್ತಾ ಸಾಗುವ ಓಟ. ಆದ್ದರಿಂದ ಸಂಖ್ಯೆಯ ಜೊತೆಗೆ ಉಸಿರನ್ನೂ ಕೇಳಿಕೊಳ್ಳಬೇಕು. ಬಾಯಿಪಾಠವಿರುವ ಒಂದು ವಚನವನ್ನು ಓಡುತ್ತಲೇ ಹೇಳಿ ನೋಡಿ. ಸಾಲಿನ ನಡುವೆ ಉಸಿರಿಗಾಗಿ ತಡವರಿಸದೆ ಅಂಕಿತದವರೆಗೆ ಹೇಳಲು ಸಾಧ್ಯವಾದರೆ, ವಾಚು 141 ತೋರಿಸಿದರೂ ನೀವು ಸರಿಯಾದ ಜಾಗದಲ್ಲಿಯೇ ಇದ್ದೀರಿ.

ವಾಚಿನ ಮಾತನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಮಣಿಕಟ್ಟಿನ ವಾಚು ಚರ್ಮದ ಕೆಳಗಿನ ರಕ್ತದ ಏರಿಳಿತವನ್ನು ಬೆಳಕು ಹಾಯಿಸಿ ಓದುತ್ತದೆ. ಪಟ್ಟಿ ಸಡಿಲವಿದ್ದರೆ ನಾಡಿಯ ಬದಲು ಹೆಜ್ಜೆಯ ಲಯವನ್ನೇ ಎಣಿಸಿಬಿಡುತ್ತದೆ. ಒಂದು ಬೆಳಿಗ್ಗೆ ಗಾಜಿನ ಮನೆಯ ಹತ್ತಿರ ಆರಾಮವಾಗಿ ಓಡುತ್ತಿದ್ದಾಗ ನನ್ನ ವಾಚು ಇದ್ದಕ್ಕಿದ್ದಂತೆ 168 ತೋರಿಸತೊಡಗಿತು. ಗಾಬರಿಯಿಂದ ನಿಂತು, ಕತ್ತಿನ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿದೆ: 33 ಬಡಿತ, ಅಂದರೆ ನಿಮಿಷಕ್ಕೆ 132. ಮತ್ತೆ ಓಡುತ್ತಾ ಹೆಜ್ಜೆ ಎಣಿಸಿ ನೋಡಿದರೆ ನಿಮಿಷಕ್ಕೆ 168! ನೀವೂ ಹೀಗೆ ಎಣಿಸುವುದಾದರೆ ನಿಂತ ತಕ್ಷಣ ಎಣಿಸಬೇಕು, ಏಕೆಂದರೆ ಅರ್ಧ ನಿಮಿಷದೊಳಗೆ ಬಡಿತ ಗಣನೀಯವಾಗಿ ಇಳಿದಿರುತ್ತದೆ. ಎದೆಗೆ ಕಟ್ಟುವ ಪಟ್ಟಿ ಇದಕ್ಕಿಂತ ನಂಬಿಕೆಗೆ ಅರ್ಹ.

ನಮ್ಮ ಊರಿನ ಬಿಸಿಲು ಈ ಲೆಕ್ಕವನ್ನು ಇನ್ನಷ್ಟು ಕಲಕುತ್ತದೆ. ಸೆಖೆಯಲ್ಲಿ ಮೈ ತಂಪಾಗಿಸಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಬೆವರಿನಿಂದ ರಕ್ತದ ದ್ರವಾಂಶ ತಗ್ಗುತ್ತದೆ. ಉಳಿದಷ್ಟರಲ್ಲೇ ಸ್ನಾಯುಗಳಿಗೆ ಆಮ್ಲಜನಕ ತಲುಪಿಸಲು ಹೃದಯ ಬೇಗ ಬೇಗ ಬಡಿಯಬೇಕಾಗುತ್ತದೆ. ಒಂದೇ ವೇಗದಲ್ಲಿ ಓಡಿದರೂ ಗಂಟೆಯ ಕೊನೆಯಲ್ಲಿ ಬಡಿತ 10ರಿಂದ 20ರಷ್ಟು ಮೇಲೇರಬಹುದು. ನಾನು 46ನೇ ವಯಸ್ಸಿನಲ್ಲಿ, ಮುಂಗಾರು ಹಿಡಿದ ಜೂನ್‌ನಲ್ಲಿ ಶುರುಮಾಡಿದಾಗ 134ರ ಬಡಿತಕ್ಕೆ ಒಂದು ಕಿಲೋಮೀಟರ್ ಸಾಗಲು 9 ನಿಮಿಷ 10 ಸೆಕೆಂಡು ಬೇಕಾಗುತ್ತಿತ್ತು. ಡಿಸೆಂಬರಿನ ಚಳಿಯಲ್ಲಿ ಅದು 7 ನಿಮಿಷ 40 ಸೆಕೆಂಡಿಗೆ ಇಳಿಯಿತು. ಏಪ್ರಿಲ್‌ನಲ್ಲಿ ಮತ್ತೆ 8 ನಿಮಿಷ 20 ಸೆಕೆಂಡಿಗೆ ಏರಿದಾಗ ಗಳಿಸಿದ್ದೆಲ್ಲ ಹೋಯಿತೆಂದು ಕಂಗೆಟ್ಟಿದ್ದೆ. ಹೋಗಿದ್ದು ಚಳಿ ಮಾತ್ರ. ದಾವಣಗೆರೆಯ ನೆಲ ಬಹುಮಟ್ಟಿಗೆ ಸಮತಟ್ಟಾಗಿರುವುದು ನಮ್ಮ ಪುಣ್ಯ. ಚಿತ್ರದುರ್ಗದವರು ಜೋಗಿಮಟ್ಟಿಯ ಏರು ರಸ್ತೆಗೆ ಹೋದರೆ ನಡೆಯದೆ ವಿಧಿಯಿಲ್ಲ, ಹಾಗೆ ನಡೆಯುವುದರಲ್ಲಿ ತಪ್ಪೂ ಇಲ್ಲ.

ಈಗ ಗಂಟೆಗಳ ಪ್ರಶ್ನೆ. ವಾರಕ್ಕೆ ಮೂರು ದಿನ, ಅರ್ಧರ್ಧ ಗಂಟೆ ಮಾತ್ರ ಓಡುವವರಿಗೆ ಈ ವಿಧಾನದಿಂದ ಹೆಚ್ಚಿನ ಲಾಭವಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಧಾನ ಓಟದ ದೊಡ್ಡ ಗುಣವೆಂದರೆ ಮರುದಿನ ಮತ್ತೆ ಓಡಲು ಕಾಲು ಉಳಿದಿರುತ್ತದೆ ಎನ್ನುವುದು. ಆ ಉಳಿತಾಯವನ್ನು ಬಳಸದೆ ಹೋದರೆ ಕೈಗೆ ಬರುವುದು ನಿಧಾನ ಮಾತ್ರ. ನಾಲ್ಕು ಅಥವಾ ಐದು ದಿನ, ಒಟ್ಟು ನಾಲ್ಕು ಗಂಟೆಯಾದರೂ ಓಡಿ. ಹೃದಯಕ್ಕಿಂತ ಸ್ನಾಯುರಜ್ಜು ಮತ್ತು ಮೂಳೆಗಳು ತಡವಾಗಿ ಗಟ್ಟಿಯಾಗುವುದರಿಂದ ಸಮಯವನ್ನು ಮೆಲ್ಲಗೆ ಏರಿಸಿ. ಮೂರು ನಾಲ್ಕು ತಿಂಗಳ ನಂತರ ವಾರದಲ್ಲಿ ಒಂದು ದಿನ ವೇಗದ ಓಟ ಸೇರಿಸಿ. ಸಂಶೋಧಕ ಸ್ಟೀಫನ್ ಸೈಲರ್ ಗಮನಿಸಿದಂತೆ, ಉನ್ನತ ಮಟ್ಟದ ಸಹಿಷ್ಣುತಾ ಕ್ರೀಡಾಪಟುಗಳ ಅಭ್ಯಾಸದಲ್ಲಿ ಸುಮಾರು ಶೇ 80 ಸುಲಭದ್ದು, ಉಳಿದದ್ದು ಕಠಿಣದ್ದು. ಸುಲಭವನ್ನೇ ಶೇ 100 ಮಾಡಿಕೊಂಡವರು ಅವರಲ್ಲಿ ಸಿಗುವುದಿಲ್ಲ.

ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್‌ನಂತಹ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಮೇಲಿನ ಯಾವ ಸಂಖ್ಯೆಯೂ ಅನ್ವಯಿಸುವುದಿಲ್ಲ, ಏಕೆಂದರೆ ಆ ಮಾತ್ರೆಗಳು ಬಡಿತವನ್ನೇ ತಗ್ಗಿಸಿಡುತ್ತವೆ. ಅಂಥವರು, ಹಾಗೆಯೇ ಓಡುವಾಗ ಎದೆನೋವು ಅಥವಾ ತಲೆಸುತ್ತು ಕಂಡವರು, ಮೊದಲು ವೈದ್ಯರನ್ನು ಕಾಣಬೇಕು. ಉಳಿದವರು ತಿಂಗಳಿಗೊಮ್ಮೆ ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ, 15 ನಿಮಿಷ ಮೈ ಬಿಸಿ ಮಾಡಿಕೊಂಡು, ಅದೇ ಬಡಿತದಲ್ಲಿ 5 ಕಿಲೋಮೀಟರ್ ಓಡಿ ಪ್ರತಿ ಕಿಲೋಮೀಟರಿನ ಸಮಯವನ್ನು ಬರೆದಿಡಲಿ, ಪಕ್ಕದಲ್ಲಿ ಅಂದಿನ ಉಷ್ಣಾಂಶವನ್ನೂ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆಯಾಯಿತೆಂಬುದನ್ನೂ ಗುರುತು ಹಾಕಿಕೊಳ್ಳಲಿ. ಐದನೆಯ ಕಿಲೋಮೀಟರ್ ಮೊದಲನೆಯದಕ್ಕಿಂತ ನಿಧಾನವಾಗಿರುವುದು ಸಹಜ. ತಿಂಗಳು ಕಳೆದಂತೆ ಆ ಎರಡರ ನಡುವಿನ ಅಂತರ ಕಿರಿದಾಗುತ್ತಿದ್ದರೆ, ಕೆರೆಯ ದಾರಿಯಲ್ಲಿ ನಿಮ್ಮನ್ನು ಯಾರು ಹಿಂದೆ ಹಾಕಿದರೂ ಅಭ್ಯಾಸ ಸರಿಯಾಗಿಯೇ ನಡೆದಿದೆ.