ಗಂಟು ಒಡೆಯದ ಮುದ್ದೆ: ಭೂಮಿಯೊಳಗಿನ ಹಳೇ ತಕರಾರು

ಮುದ್ದೆ ತಿರುವಿದವರಿಗೆ ಗೊತ್ತು. ಕೋಲು ಹಿಡಿದು ಎಷ್ಟು ತಿರುವಿದರೂ ಒಂದೊಂದು ಸಲ ಗಂಟು ಉಳಿದುಬಿಡುತ್ತದೆ. ಮುರಿದರೆ ಒಳಗೆ ಒಣ ಹಿಟ್ಟು. ನಮ್ಮ ಕಾಲ ಕೆಳಗಿನ ಮ್ಯಾಂಟಲ್ ಬಗ್ಗೆ 60 ವರ್ಷದಿಂದ ನಡೆದಿರುವ ವಾದವೂ ಗಂಟಿನದ್ದೇ: ಅಲ್ಲಿನ ಕಲ್ಲು ಪೂರ್ತಿ ಕಲೆತಿದೆಯೋ, ಬೆರೆಯದ ಗಂಟು ಉಳಿದಿವೆಯೋ?

ಮ್ಯಾಂಟಲ್ ಅಂದರೆ ಹೊರಚಿಪ್ಪಿನ ಬುಡದಿಂದ ಸುಮಾರು 2,900 ಕಿ.ಮೀ. ಆಳದವರೆಗಿನ ಭಾಗ. ಅದು ಲಾವಾದ ಕೊಳ ಅಲ್ಲ, ಗಟ್ಟಿ ಕಲ್ಲು. ಆದರೂ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಹರಿಯುತ್ತದೆ. ಬಿಸಿಯಾದದ್ದು ಮೇಲೆ ಬರುತ್ತದೆ, ತಣ್ಣಗಾದದ್ದು ಇಳಿಯುತ್ತದೆ. ಖಂಡಗಳು ಸರಿಯೋದಕ್ಕೆ ಈ ಸಂವಹನವೇ ಕಾರಣ ಇರಬಹುದು ಅಂತ ಭೂವಿಜ್ಞಾನಿ ಆರ್ಥರ್ ಹೋಮ್ಸ್ 1920ರ ದಶಕದ ಕೊನೆಗೇ ಹೇಳಿದ್ದರು. ಹೆಚ್ಚಿನವರು ಒಪ್ಪಿದ್ದು 1960ರ ದಶಕದಲ್ಲಿ.

ಅದೇ ಹೊತ್ತಿಗೆ, 1964ರಲ್ಲಿ, ಅಟ್ಲಾಂಟಿಕ್ ಸಾಗರದ ಅಸೆನ್ಷನ್ ಮತ್ತು ಗಾಫ್ ದ್ವೀಪಗಳ ಲಾವಾ ಪರೀಕ್ಷೆ ಆಯಿತು. ಎರಡರಲ್ಲೂ ಸೀಸ, ಸ್ಟ್ರಾನ್ಷಿಯಂ ಐಸೊಟೋಪ್‌ಗಳ (ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳ) ಅನುಪಾತ ಬೇರೆ ಬೇರೆ. ಕಲ್ಲು ಕರಗಿದ ಮಾತ್ರಕ್ಕೆ ಈ ಅನುಪಾತ ಬದಲಾಗದು. ಅದಕ್ಕೆ ಯುರೇನಿಯಂ ಸೀಸವಾಗಿ, ರುಬಿಡಿಯಂ ಸ್ಟ್ರಾನ್ಷಿಯಂ ಆಗಿ ಕೋಟಿಗಟ್ಟಲೆ ವರ್ಷ ಕ್ಷಯಿಸಬೇಕು. ಅಂದರೆ ಲಾವಾ ಹುಟ್ಟಿದ ಜಾಗಗಳೇ ಬಹಳ ಕಾಲದಿಂದ ಬೇರೆಯಾಗಿದ್ದವು.

ಇದಕ್ಕೆ 1970ರ ದಶಕದಲ್ಲಿ ಸಿಕ್ಕ ಉತ್ತರ ಎರಡು ಅಂತಸ್ತಿನ ಮ್ಯಾಂಟಲ್. ಸುಮಾರು 660 ಕಿ.ಮೀ. ಆಳದಲ್ಲಿ ಖನಿಜಗಳ ರೂಪ ಬದಲಾಗುತ್ತದೆ. ಅದರ ಮೇಲಿನದು ಒಂದು ಪಾತ್ರೆ, ಕೆಳಗಿನದು ಇನ್ನೊಂದು, ಎರಡೂ ಬೇರೆ ಬೇರೆ ಕುದಿಯುತ್ತವೆ ಅನ್ನೋದು ಲೆಕ್ಕ. ಹೀಲಿಯಂ ಇದಕ್ಕೆ ಸಾಕ್ಷಿಯಾಯಿತು. ಹೀಲಿಯಂ-3 ಬಹುಪಾಲು ಭೂಮಿ ಹುಟ್ಟಿದಾಗಿನದು. ಹೀಲಿಯಂ-4 ಯುರೇನಿಯಂ, ಥೋರಿಯಂ ಕ್ಷಯದಿಂದ ಕೂಡುತ್ತಲೇ ಹೋಗುತ್ತದೆ. ಸಾಗರ ಮಧ್ಯದ ಏಣುಗಳ (ಕಡಲಡಿಯ ಬೆಟ್ಟಸಾಲುಗಳ) ಕಲ್ಲು ಮೇಲಿನ ಪಾತ್ರೆಯದು ಅನ್ನೋದು ಎಣಿಕೆ; ಅದರಲ್ಲಿ ಮೊದಲನೆಯದರ ಪಾಲು ಗಾಳಿಯಲ್ಲಿರುವುದರ ಸುಮಾರು 8 ಪಟ್ಟು. ಹವಾಯಿ ಬಳಿಯ ಲೋಯಿಹಿ ಎಂಬ ಕಡಲಡಿ ಜ್ವಾಲಾಮುಖಿಯಲ್ಲಿ 30 ಪಟ್ಟಿನ ಆಸುಪಾಸು. ಹಾಗಾದರೆ ಕೆಳಗಿನ ಪಾತ್ರೆ ಯಾರೂ ಮುಟ್ಟದೆ ಉಳಿದದ್ದು, ಅಲ್ವಾ? ಚಿತ್ರ ಬಿಡಿಸೋದಕ್ಕೂ ಸುಲಭ: ಒಂದರೊಳಗೊಂದು ಎರಡು ಉಂಗುರ. ಅಷ್ಟು ಸುಲಭವಾಗಿದ್ದದ್ದೇ ಅದು ಅಷ್ಟು ದಿನ ಬಾಳಿದ್ದಕ್ಕೆ ಕಾರಣವೇನೋ.

1982ರಲ್ಲಿ ಹಾಫ್‌ಮನ್ ಮತ್ತು ವೈಟ್ ಎಂಬ ವಿಜ್ಞಾನಿಗಳು ಬೇರೆ ಮಾತು ಹೇಳಿದರು. ದ್ವೀಪಗಳ ಲಾವಾದಲ್ಲಿ ಕಾಣುವ ವಿಚಿತ್ರ ರುಚಿ ಮುಟ್ಟದ ಕಲ್ಲಿನದಲ್ಲ, ಹಿಂದೆಂದೋ ಒಳಗೆ ಇಳಿದುಹೋದ ಸಾಗರದ ತಳ ತಿರುಗಿ ಬಂದದ್ದು. 1997ರ ಹೊತ್ತಿಗೆ ಭೂಕಂಪದ ಅಲೆಗಳಿಂದ ಒಳಗಿನ ಚಿತ್ರ ತೆಗೆದರು. ಉತ್ತರ ಅಮೆರಿಕದ ಅಡಿ ಹಳೆಯ ಫರಲ್ಲಾನ್ ಫಲಕ (ಒಳಗೆ ಇಳಿದುಹೋದ ಸಾಗರ ತಳದ ದೊಡ್ಡ ತುಂಡು) 660ರ ಗೆರೆ ದಾಟಿ ತುಂಬ ಕೆಳಗೆ ಇಳಿದಿತ್ತು. ಎರಡು ಪಾತ್ರೆಗಳ ನಡುವಿನ ತಟ್ಟೆಗೇ ತೂತು ಬಿತ್ತು.

ಹಾಗಾದರೆ ಎಲ್ಲ ಕಲೆತುಹೋಗಬೇಕಿತ್ತು. ಯಾಕೆ ಹೋಗಿಲ್ಲ?

ನನಗೆ ಇಡೀ ಕಥೆಯಲ್ಲಿ ಇದೇ ಸ್ವಾರಸ್ಯದ ಭಾಗ. ಕಾಫಿಗೆ ಹಾಲು ಬೆರೆಯೋದು ಸುಳಿಗಳಿಂದ. ಮ್ಯಾಂಟಲ್‌ನಲ್ಲಿ ಸುಳಿಯೇ ಏಳುವುದಿಲ್ಲ, ಅಷ್ಟು ಗಟ್ಟಿ. ಅಲ್ಲಿ ನಡೆಯುವುದು ಪರೋಟದ ಕೆಲಸ: ಎಳೆಯೋದು, ಮಡಚೋದು, ಮತ್ತೆ ಎಳೆಯೋದು. ಸಾಗರದ ಹೊರಚಿಪ್ಪಿನ ದಪ್ಪ ಸುಮಾರು 7 ಕಿ.ಮೀ. ಎಳೆದಾಗಲೆಲ್ಲ ಅರ್ಧಕ್ಕೆ ತೆಳುವಾದರೆ 13 ಸಲಕ್ಕೆ ಒಂದು ಮೀಟರಿಗಿಂತ ಕಡಿಮೆ. ಆದರೂ ಪದರ ಪದರವಾಗೇ ಉಳಿಯುತ್ತದೆ. ಗಟ್ಟಿ ಕಲ್ಲಿನಲ್ಲಿ ಅಣುಗಳು ಪಕ್ಕಕ್ಕೆ ಸರಿದು ಬೆರೆಯೋದು ನೂರು ಕೋಟಿ ವರ್ಷಕ್ಕೆ ಹೆಚ್ಚೆಂದರೆ ಮೀಟರ್ ಲೆಕ್ಕದಲ್ಲಿ. ಮೇಲಾಗಿ ಎಲ್ಲ ಕಡೆ ಒಂದೇ ಸಮ ಎಳೆತ ಇಲ್ಲ. ತಳದ ಕಡೆ ಕಲ್ಲು ಇನ್ನೂ ಬಿಗಿ, ಮಡಿಕೆ ನಿಧಾನ.

ಪೆಸಿಫಿಕ್‌ನ ಮಂಗಾಯಾ ದ್ವೀಪದಲ್ಲಿ ಗಂಟು ಕೈಗೇ ಸಿಕ್ಕಿತು. ಅಲ್ಲಿನ ಲಾವಾ ಬರೀ 2 ಕೋಟಿ ವರ್ಷದ್ದು. ಅದರ ಹಸಿರು ಆಲಿವಿನ್ ಹರಳುಗಳೊಳಗೆ ಗಂಧಕದ ಸಣ್ಣ ಕಣಗಳಿವೆ. 2013ರಲ್ಲಿ ಅಳೆದಾಗ ಆ ಗಂಧಕದ ಐಸೊಟೋಪ್‌ಗಳು ಆಮ್ಲಜನಕ ಇಲ್ಲದ ಗಾಳಿಯ ಗುರುತು ಹೊತ್ತಿದ್ದವು. ಅಂಥ ಗಾಳಿ ಇದ್ದದ್ದು ಸುಮಾರು 245 ಕೋಟಿ ವರ್ಷಕ್ಕೂ ಹಿಂದೆ. ಒಮ್ಮೆ ಬಿಸಿಲು ಕಂಡ ಗಂಧಕ ಕೆಳಗಿಳಿದು, ಇನ್ನೂರು ಕೋಟಿಗೂ ಜಾಸ್ತಿ ವರ್ಷ ಕಳೆದು, ಗುರುತು ಅಳಿಸಿಕೊಳ್ಳದೆ ಮೇಲೆ ಬಂದಿದೆ.

ಈಗ ವಾದ ಇನ್ನೂ ಕೆಳಗೆ ಹೋಗಿದೆ. ಆಫ್ರಿಕಾ ಮತ್ತು ಪೆಸಿಫಿಕ್ ಅಡಿ, ಮ್ಯಾಂಟಲ್‌ನ ತಳದಲ್ಲಿ, ಎರಡು ದೊಡ್ಡ ರಾಶಿಗಳಿವೆ. ಹಳೇ ಗಂಟುಗಳೆಲ್ಲ ಅಲ್ಲಿವೆ ಅನ್ನುವವರು ಹಲವರು, ಸುಮ್ನೆ ಬಿಸಿ ಜಾಸ್ತಿ ಇರೋ ಜಾಗ ಅಷ್ಟೇ ಅನ್ನುವವರೂ ಉಂಟು.

ನಮಗೂ ಇದರಲ್ಲಿ ಪಾಲಿದೆ. ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಗೋಳಗುಮ್ಮಟ ಕಟ್ಟಿದ್ದೂ ಅದರಲ್ಲೇ. ಆ ಲಾವಾ ಉಕ್ಕಿಸಿದ ಬಿಸಿ ಸೆಲೆಯೇ ಇವತ್ತು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಉಗುಳುತ್ತಿದೆ ಅಂತ ಹೆಚ್ಚಿನವರ ಲೆಕ್ಕ. ಅಲ್ಲಿ ಹೀಲಿಯಂ ಅನುಪಾತ 12–13 ಪಟ್ಟು. ಏಣಿನ 8ಕ್ಕೂ ಸೇರದು, ಲೋಯಿಹಿಯ 30ಕ್ಕೂ ಸೇರದು.