ಕಸಿ ಹೃದಯದ ನಾಡಿ ಇಳಿದರೆ

ಹೃದಯ ಕಸಿ ನಡೆಯುವುದು ಬೆಂಗಳೂರಿನಂಥ ದೊಡ್ಡ ಊರಿನಲ್ಲಿ. ಕಸಿಯಾದವರು ಮರಳಿ ಬದುಕುವುದು ಹೊಸನಗರದಲ್ಲೋ, ಕೊಪ್ಪದಲ್ಲೋ, ಆಗುಂಬೆ ಪಕ್ಕದ ಒಂಟಿಮನೆಯಲ್ಲೋ. ಸುಸ್ತು ಅಂತ ಅವರು ಮೊದಲು ಹೋಗುವುದು ತಾಲ್ಲೂಕು ಆಸ್ಪತ್ರೆಗೆ. ಅಲ್ಲಿ ನೋಡಿದರೆ ನಾಡಿ 62, ಬಿ.ಪಿ. ಪರವಾಗಿಲ್ಲ, ಎದೆನೋವಿಲ್ಲ. ಬೇರೆಯವರಾಗಿದ್ದರೆ "ಏನಿಲ್ಲ, ರೆಸ್ಟ್ ತಗೊಳ್ಳಿ" ಅಂದು ಕಳಿಸಬಹುದು. ಕಸಿಯಾದವರನ್ನು ಹಾಗೆ ಕಳಿಸುವಂತಿಲ್ಲ. ಅವರಿಗೆ ಕೇಳಬೇಕಾದ ಪ್ರಶ್ನೆ ಎರಡು: ನಿಮ್ಮ ಎಂದಿನ ನಾಡಿ ಎಷ್ಟು? ಕಸಿಯಾಗಿ ಎಷ್ಟು ದಿನವಾಯಿತು?

ದಾನಿಯ ಹೃದಯವನ್ನು ತೆಗೆಯುವಾಗ ರಕ್ತನಾಳಗಳ ಜೊತೆ ನರಗಳೂ ತುಂಡಾಗುತ್ತವೆ. ರಕ್ತನಾಳವನ್ನು ಹೊಲಿದು ಜೋಡಿಸಬಹುದು, ನರವನ್ನು ಜೋಡಿಸಲಾಗದು. ಹೃದಯದ ವೇಗವನ್ನು ತಗ್ಗಿಸುತ್ತಿದ್ದ ವೇಗಸ್ ನರ ಇಲ್ಲವಾದ್ದರಿಂದ ಬಡಿತ ಹುಟ್ಟಿಸುವ ಸೈನಸ್ ನೋಡ್ ತನ್ನದೇ ವೇಗದಲ್ಲಿ ಮಿಡಿಯುತ್ತದೆ. ಹಾಗಾಗಿ ಸುಮ್ಮನೆ ಕೂತಾಗಲೂ ನಿಮಿಷಕ್ಕೆ 90ರಿಂದ 110 ಬಡಿತ ಇರುವುದು ಈ ಹೃದಯಕ್ಕೆ ಸಹಜ. ವರ್ಷ ಕಳೆದಂತೆ ಕೆಲವರಲ್ಲಿ ನರಗಳು ಅಲ್ಪಸ್ವಲ್ಪ ಚಿಗುರಿ ವೇಗ ತುಸು ಇಳಿಯುವುದುಂಟು. ಆದರೆ ನಿನ್ನೆವರೆಗೆ 95 ಇದ್ದದ್ದು ಇವತ್ತು 62 ಆದರೆ ಅದು ನಾರ್ಮಲ್ ಅಲ್ಲ.

ಮೊದಲ ವಾರಗಳಲ್ಲಂತೂ ಈ ವೇಗವೇ ಆಧಾರ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ರಕ್ತವಿಲ್ಲದೆ ಕೆಲವು ಗಂಟೆ ಕಳೆದ ಹೃದಯ ಬಿಗಿದುಕೊಂಡಿರುತ್ತದೆ, ಸರಿಯಾಗಿ ಹಿಗ್ಗುವುದಿಲ್ಲ. ಒಂದು ಬಡಿತಕ್ಕೆ 50 ಮಿ.ಲೀ. ರಕ್ತ ಹೊರಹಾಕುತ್ತದೆ ಎಂದಿಟ್ಟುಕೊಳ್ಳಿ. 100 ಬಡಿದರೆ ನಿಮಿಷಕ್ಕೆ 5 ಲೀಟರ್, 60 ಬಡಿದರೆ 3 ಲೀಟರ್. ಕೊರತೆಯನ್ನು ಹೆಚ್ಚು ಹಿಗ್ಗಿ ತುಂಬಿಕೊಳ್ಳುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಅದಕ್ಕೇ ಅಂತರರಾಷ್ಟ್ರೀಯ ಹೃದಯ ಮತ್ತು ಶ್ವಾಸಕೋಶ ಕಸಿ ಸಂಘದ 2010ರ ಮಾರ್ಗಸೂಚಿ, ಆಪರೇಷನ್ ಟೇಬಲ್ ಮೇಲೆ ಬಡಿತ ಚೆನ್ನಾಗಿದ್ದರೂ ಹೃತ್ಕರ್ಣಕ್ಕೂ (ಮೇಲಿನ ಕೋಣೆ) ಹೃತ್ಕುಕ್ಷಿಗೂ (ಕೆಳಗಿನ ಕೋಣೆ) ಕರೆಂಟ್ ಕೊಟ್ಟು ಬಡಿಸುವ ತಾತ್ಕಾಲಿಕ ಪೇಸಿಂಗ್ ವೈರ್ ಹಾಕಿಯೇ ಎದೆ ಮುಚ್ಚಬೇಕು, ವೇಗವನ್ನು 90ಕ್ಕಿಂತ ಮೇಲಿಡಬೇಕು ಎನ್ನುತ್ತದೆ.

ಈ ಆರಂಭದ ನಿಧಾನಗತಿಗೆ ಕಾರಣ ಹೆಚ್ಚಾಗಿ ಸೈನಸ್ ನೋಡ್‌ಗೆ ಬಿದ್ದ ಪೆಟ್ಟು: ಹೊಲಿಗೆ ಹತ್ತಿರ ಬಂದಿರುವುದು, ಅದರ ಪುಟ್ಟ ರಕ್ತನಾಳಕ್ಕೆ ಧಕ್ಕೆ, ರಕ್ತವಿಲ್ಲದೆ ಕಳೆದ ಸಮಯ. ಹಳೆಯ ವಿಧಾನದಲ್ಲಿ ಎರಡೂ ಹೃತ್ಕರ್ಣಗಳ ಗೋಡೆ ಸೇರಿಸಿ ಹೊಲಿಯುತ್ತಿದ್ದರು. ಬಲಭಾಗದಲ್ಲಿ ಮಹಾಸಿರೆಗಳನ್ನೇ ಜೋಡಿಸುವ ಬೈಕೇವಲ್ ವಿಧಾನ ಬಂದ ಮೇಲೆ ನೋಡ್‌ಗೆ ಪೆಟ್ಟು ಕಡಿಮೆ, ಪೇಸ್‌ಮೇಕರ್ ಬೇಕಾಗುವವರೂ ಕಡಿಮೆ. ಕಸಿಗೆ ಮುಂಚೆ ಲಯ ತಪ್ಪಿದ ಬಡಿತಕ್ಕೆಂದು ಅಮಿಯೋಡರೋನ್ ನುಂಗುತ್ತಿದ್ದವರ ಮೈಯಲ್ಲಿ ಅದು ವಾರಗಟ್ಟಲೆ ಉಳಿದು ಹೊಸ ಹೃದಯವನ್ನೂ ನಿಧಾನಗೊಳಿಸುತ್ತದೆ.

ಚಿಕಿತ್ಸೆಯ ಬಹುಪಾಲು ಕಾಯುವುದೇ. ಕಾಯುವಷ್ಟು ದಿನ ವೈರ್ ಮೂಲಕ ಹೃತ್ಕರ್ಣವನ್ನು 90–110ರಲ್ಲಿ ಓಡಿಸಬೇಕು. ವೈರ್‌ನ ತುದಿ ಹೃದಯಕ್ಕೆ ತಾಗುವ ಕಡೆ ಊತ ಬರುವುದರಿಂದ ದಿನಕಳೆದಂತೆ ಹೆಚ್ಚು ಕರೆಂಟ್ ಬೇಕಾಗುತ್ತದೆ. ಪ್ರತಿದಿನ ಥ್ರೆಶೋಲ್ಡ್ (ಬಡಿತ ಹುಟ್ಟಿಸಲು ಬೇಕಾದ ಕನಿಷ್ಠ ಕರೆಂಟ್) ಅಳೆದು ಔಟ್‌ಪುಟ್ ಅದರ ದುಪ್ಪಟ್ಟಿಗೆ ಇಡದಿದ್ದರೆ ಮಾನಿಟರ್‌ನಲ್ಲಿ ಪೇಸಿಂಗ್ ಗೆರೆ ಕಾಣುತ್ತದೆ, ಬಡಿತ ಮಾತ್ರ ಬರುವುದಿಲ್ಲ. ಔಷಧಗಳಲ್ಲಿ ಮೊದಲನೆಯದು ಐಸೊಪ್ರೆನಲಿನ್ ಡ್ರಿಪ್. ಅದು ನರವನ್ನು ನೆಚ್ಚದೆ ನೇರವಾಗಿ ಹೃದಯದ ಮೇಲೆ ಕೆಲಸ ಮಾಡುತ್ತದೆ. ಆಮೇಲಿನದು ಥಿಯೋಫಿಲಿನ್, ನಮ್ಮ ಕಡೆ ಉಬ್ಬಸಕ್ಕೆ ಕೊಡುವ ಡೆರಿಫಿಲಿನ್‌ನಲ್ಲಿರುವ ಔಷಧವೇ. ನರ ಕಳೆದುಕೊಂಡ ಹೃದಯಕ್ಕೆ ಮೈಯೊಳಗಿನ ಅಡೆನೊಸಿನ್ ವಿಪರೀತ ತಾಗುತ್ತದೆ, ಥಿಯೋಫಿಲಿನ್ ಅದನ್ನು ತಡೆಯುತ್ತದೆ. ಮಾತ್ರೆಯಾದರೆ ದಿನಕ್ಕೆ ಕಿಲೋಗೆ 5–10 ಮಿ.ಗ್ರಾಂ. "ನನಗೆ ದಮ್ಮಿಲ್ಲವಲ್ಲ, ಈ ಮಾತ್ರೆ ಯಾಕೆ" ಎಂದು ಊರಿಗೆ ಬಂದ ಮೇಲೆ ಬಿಟ್ಟುಬಿಡುವವರಿಗೆ ಈ ಕಾರಣ ಹೇಳಲೇಬೇಕು. ಇದರ ಮೇಲೆ ಸೋಂಕಿಗೆಂದು ಸಿಪ್ರೊಫ್ಲಾಕ್ಸಸಿನ್ ಕೊಟ್ಟರೆ ರಕ್ತದಲ್ಲಿ ಥಿಯೋಫಿಲಿನ್ ಏರಿ ವಾಂತಿ, ನಡುಕ, ಫಿಟ್ಸ್ ಬರಬಹುದು.

ಸಾಮಾನ್ಯವಾಗಿ ಮೂರು ವಾರ ಕಳೆದರೂ ಬಡಿತ ಏರದಿದ್ದರೆ ಶಾಶ್ವತ ಪೇಸ್‌ಮೇಕರ್ ಮಾತು. ಅದಕ್ಕಿಂತ ಮುಂಚೆ ಅವಸರ ಬೇಡ, ಬಹಳಷ್ಟು ನೋಡ್‌ಗಳು ತಾವಾಗಿಯೇ ಚೇತರಿಸಿಕೊಳ್ಳುತ್ತವೆ.

ಆರು ತಿಂಗಳೋ ಮೂರು ವರ್ಷವೋ ಚೆನ್ನಾಗಿದ್ದು ಆಮೇಲೆ ನಾಡಿ ಇಳಿದರೆ ಕಥೆಯೇ ಬೇರೆ. ದೇಹ ಹೃದಯವನ್ನು ತಿರಸ್ಕರಿಸುತ್ತಿದೆ, ಇಲ್ಲವೇ ಕಸಿ ಹೃದಯದ ರಕ್ತನಾಳಗಳು ಉದ್ದಕ್ಕೂ ಕಿರಿದಾಗುತ್ತಿವೆ ಎಂದೇ ಮೊದಲು ಅನುಮಾನಿಸಬೇಕು. ನರವಿಲ್ಲದ ಹೃದಯಕ್ಕೆ ರಕ್ತ ಸಾಲದಾದರೂ ನೋವು ಗೊತ್ತಾಗದಿರಬಹುದು, ಆದ್ದರಿಂದ ಎದೆನೋವಿಲ್ಲ ಎನ್ನುವುದು ಸಮಾಧಾನದ ವಿಷಯವಲ್ಲ. ತಲೆಸುತ್ತಿ ಬಿದ್ದವರಿಗೆ "ಬಿಸಿಲಿಗೆ, ಹೆದರಿಕೆಗೆ ಆಗಿರಬೇಕು" ಎನ್ನುವುದೂ ಸರಿಯಲ್ಲ, ಆ ರೀತಿಯ ಮೂರ್ಛೆಯಲ್ಲಿ ಬಡಿತ ಇಳಿಸುವ ವೇಗಸ್ ನರವೇ ಅಲ್ಲಿ ತುಂಡಾಗಿದೆ. ಎಕೋ, ಬಯಾಪ್ಸಿ (ಹೃದಯದ ಚೂರು ತೆಗೆದು ಪರೀಕ್ಷಿಸುವುದು), ಆಂಜಿಯೋಗ್ರಾಂ ಆಗುವವರೆಗೆ ಪೇಸ್‌ಮೇಕರ್ ಹಾಕಿ ಕೈತೊಳೆದುಕೊಳ್ಳುವಂತಿಲ್ಲ.

ನಾಡಿ ಇಳಿಯಲು ಮಲೆನಾಡಿನ ಮನೆಗಳಲ್ಲಿ ಇನ್ನೊಂದು ದಾರಿಯಿದೆ, ಅದು ರಕ್ತದಲ್ಲಿ ಪೊಟ್ಯಾಸಿಯಂ ಏರುವುದು. ದೇಹ ಹೃದಯವನ್ನು ತಿರಸ್ಕರಿಸದಿರಲೆಂದು ಕಸಿಯಾದವರು ನುಂಗುವ ಟ್ಯಾಕ್ರೊಲಿಮಸ್ ಪೊಟ್ಯಾಸಿಯಂ ಏರಿಸುತ್ತದೆ, ಸೋಂಕು ತಡೆಗೆ ಕೊಡುವ ಕೊಟ್ರೈಮಾಕ್ಸಜೋಲ್ ಕೂಡ ಏರಿಸುತ್ತದೆ. ಮಳೆಗಾಲದ ಕೆಮ್ಮಿಗೆ ಯಾರೋ ಕ್ಲಾರಿತ್ರೊಮೈಸಿನ್ ಬರೆದರೆ, ಅಥವಾ ಹಿತ್ತಲಿನ ಚಕ್ಕೋತ ತಿಂದರೆ, ಟ್ಯಾಕ್ರೊಲಿಮಸ್ ಪ್ರಮಾಣ ರಕ್ತದಲ್ಲಿ ಜಿಗಿಯಬಹುದು. ಕಿಡ್ನಿ ಸೊರಗುತ್ತದೆ, ಪೊಟ್ಯಾಸಿಯಂ ಇನ್ನೂ ಏರುತ್ತದೆ. ಸುಸ್ತೆಂದು ಮನೆಯವರು ಪ್ರೀತಿಯಿಂದ ಎಳನೀರು ಕೆತ್ತಿ ಕೊಡುತ್ತಾರೆ, ಒಂದು ದೊಡ್ಡ ಲೋಟದಲ್ಲಿ 400–600 ಮಿ.ಗ್ರಾಂ ಪೊಟ್ಯಾಸಿಯಂ. ನಾಡಿ ಇಳಿಯಲು ಇಷ್ಟು ಸಾಕು. ಬಿ.ಪಿ.ಗೆ ಕೊಟ್ಟ ಡಿಲ್ಟಿಯಾಜೆಮ್ ಕೂಡ ಎರಡು ಕಡೆಯಿಂದ ಹೊಡೆಯುತ್ತದೆ: ತಾನೇ ಬಡಿತ ಇಳಿಸುತ್ತದೆ, ಟ್ಯಾಕ್ರೊಲಿಮಸ್ ಅನ್ನೂ ಏರಿಸುತ್ತದೆ. ಆದ್ದರಿಂದ ಮೊದಲ ಅರ್ಧ ಗಂಟೆಯಲ್ಲೇ ಪೊಟ್ಯಾಸಿಯಂ, ಕ್ರಿಯಾಟಿನಿನ್‌ಗೆ ರಕ್ತ ಹೋಗಬೇಕು, ಮಾತ್ರೆಗಳ ಚೀಟಿಯನ್ನು ಒಂದೊಂದಾಗಿ ಓದಬೇಕು.

ತಾಲ್ಲೂಕು ಆಸ್ಪತ್ರೆಯ ಸಹೋದ್ಯೋಗಿಗಳಿಗೆ ಮುಖ್ಯವಾದ ಮಾತು ಅಟ್ರೊಪಿನ್ ಬಗ್ಗೆ. ನಾಡಿ ಇಳಿದರೆ ಕೈ ತಾನಾಗಿ ಆ ಆಂಪ್ಯೂಲ್ ಕಡೆ ಹೋಗುತ್ತದೆ. ಅಟ್ರೊಪಿನ್ ಮಾಡುವುದು ವೇಗಸ್‌ನ ಪ್ರಭಾವ ತೆಗೆಯುವುದನ್ನು. ತೆಗೆಯಲು ಇಲ್ಲಿ ಪ್ರಭಾವವೇ ಇಲ್ಲ. ಕೆಲಸ ಮಾಡದಿರುವುದು ಹಾಗಿರಲಿ, ಕಸಿಯಾದ ಕೆಲವರಲ್ಲಿ ಇದರಿಂದ ಪೂರ್ತಿ ಹಾರ್ಟ್ ಬ್ಲಾಕ್ (ಮೇಲಿನ ಕೋಣೆಯ ಸಂಕೇತ ಕೆಳಗಿನದಕ್ಕೆ ತಲುಪದಿರುವುದು) ಆದದ್ದು ದಾಖಲಾಗಿದೆ. ಬದಲಿಗೆ ಪೇಸಿಂಗ್ ಸೌಲಭ್ಯವಿರುವ ಡಿಫಿಬ್ರಿಲೇಟರ್‌ನ ಪ್ಯಾಡ್ ಎದೆಗೆ ಅಂಟಿಸಿ. ಬಿ.ಪಿ. ಬಿದ್ದಿದ್ದರೆ ಅಡ್ರಿನಲಿನ್ ಡ್ರಿಪ್ ನಿಮಿಷಕ್ಕೆ 2–10 ಮೈಕ್ರೊಗ್ರಾಂ. ಅಮಿನೊಫಿಲಿನ್ ಎಲ್ಲ ಕಡೆ ಸಿಗುತ್ತದೆ: ಕಿಲೋಗೆ 6 ಮಿ.ಗ್ರಾಂ, 100–200 ಮಿ.ಲೀ. ದ್ರವದಲ್ಲಿ, 20–30 ನಿಮಿಷದಲ್ಲಿ. ಥಿಯೋಫಿಲಿನ್ ಮೊದಲೇ ನುಂಗುತ್ತಿದ್ದರೆ ಈ ಡೋಸ್ ಬೇಡ. ಪೊಟ್ಯಾಸಿಯಂ ಏರಿ ಇ.ಸಿ.ಜಿ. ಬದಲಾಗಿದ್ದರೆ 10% ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿ.ಲೀ. ನಿಧಾನವಾಗಿ, ಜೊತೆಗೆ ಗ್ಲುಕೋಸ್‌ನಲ್ಲಿ ಇನ್ಸುಲಿನ್. ಇಷ್ಟರೊಳಗೆ ಕಸಿ ಮಾಡಿದ ಕೇಂದ್ರಕ್ಕೆ ಫೋನ್ ಹೋಗಿರಬೇಕು. ಶಿವಮೊಗ್ಗದಿಂದ ಬೆಂಗಳೂರು ಸುಮಾರು 300 ಕಿ.ಮೀ., ಮಲೆನಾಡಿನ ದಾರಿಯಲ್ಲಿ ಎಷ್ಟೋ ಕಡೆ ಸಿಗ್ನಲ್ಲೂ ಸಿಗುವುದಿಲ್ಲ. ತಿರಸ್ಕಾರ ತಡೆಯುವ ಸ್ಟಿರಾಯ್ಡ್ ಇಲ್ಲೇ ಶುರು ಮಾಡಬೇಕೇ ಎಂಬುದನ್ನು ಆಂಬುಲೆನ್ಸ್ ಹತ್ತುವ ಮುಂಚೆಯೇ ಅವರಿಂದ ಕೇಳಿಕೊಳ್ಳಿ.

ಇ.ಸಿ.ಜಿ. ಓದುವಾಗ ಒಂದು ಎಚ್ಚರ. ಹಳೆಯ ವಿಧಾನದಲ್ಲಿ ಕಸಿಯಾದವರಿಗೆ ತಮ್ಮ ಹಳೆಯ ಹೃತ್ಕರ್ಣದ ಹಿಂಭಾಗ ಉಳಿದಿರುತ್ತದೆ, ಅದಕ್ಕೆ ಅದರದೇ ಸೈನಸ್ ನೋಡ್, ಅದರದೇ ಪಿ ಅಲೆ (ಹೃತ್ಕರ್ಣದ ಬಡಿತದ ಗುರುತು). ಪಟ್ಟಿಯ ಮೇಲೆ 70ರ ಲೆಕ್ಕದಲ್ಲಿ ಒಂದು ಸಾಲು ಪಿ, ಹೃತ್ಕುಕ್ಷಿಯ ಬಡಿತ ತೋರಿಸುವ ಕ್ಯೂಆರ್‌ಎಸ್‌ಗೂ ಅದಕ್ಕೂ ಸಂಬಂಧವಿಲ್ಲ. 95ರ ಲೆಕ್ಕದಲ್ಲಿ ಇನ್ನೊಂದು ಸಾಲು, ಪ್ರತಿ ಪಿ ಆದ ಮೇಲೂ ಕ್ಯೂಆರ್‌ಎಸ್. ಮೆಷಿನ್ ಇದನ್ನು ಹಾರ್ಟ್ ಬ್ಲಾಕ್ ಎಂದು ಅಚ್ಚು ಹಾಕುವುದುಂಟು. ಚೆನ್ನಾಗಿದ್ದಾಗ ತೆಗೆದ ಒಂದು ಇ.ಸಿ.ಜಿ.ಯ ಫೋಟೋ ಮನೆಯವರ ಫೋನಿನಲ್ಲಿದ್ದರೆ ಹೋಲಿಸಿ ನೋಡಿ ಎರಡು ನಿಮಿಷದಲ್ಲಿ ಹೇಳಬಹುದು.

ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ: ಆ ಕಡೆಯ ಕೈಯನ್ನು 4–6 ವಾರ ಭುಜಕ್ಕಿಂತ ಮೇಲೆ ಎತ್ತಬಾರದು, ಅಂದರೆ ಅಡಿಕೆ ಕೊಯ್ಲಿನ ದೋಟಿ ಹಿಡಿಯುವಂತಿಲ್ಲ. ಕಳೆ ಕೊಚ್ಚುವ ಮೆಷಿನ್‌ನ ಎಂಜಿನ್ ಎದೆಯಿಂದ ಒಂದಡಿ ದೂರವಿರಲಿ, ಇಂಡಕ್ಷನ್ ಒಲೆ ಎರಡಡಿ. ಬೇಲಿಗೆ ಕರೆಂಟ್ ಹಾಯಿಸಿದ್ದರೆ ಮುಟ್ಟಲೇಬೇಡಿ. ಬಯಾಪ್ಸಿಗೆ ಹೋದಾಗ ಹೊಸ ಲೀಡ್ (ಪೇಸ್‌ಮೇಕರ್‌ನಿಂದ ಹೃದಯಕ್ಕೆ ಹೋಗುವ ತಂತಿ) ಇದೆ ಎಂದು ಮೊದಲೇ ಹೇಳಿ, ಬಯಾಪ್ಸಿ ಉಪಕರಣ ತಾಗಿ ಲೀಡ್ ಜರುಗಬಹುದು.

ಪೇಸ್‌ಮೇಕರ್ ಇದ್ದವರ ನಾಡಿ ಅದಕ್ಕೆ ನಿಗದಿ ಮಾಡಿದ ಸಂಖ್ಯೆಗಿಂತ ಕೆಳಗೆ ಸಾಮಾನ್ಯವಾಗಿ ಇಳಿಯುವುದಿಲ್ಲ. ನಾಡಿ ಇಳಿದು ಎಚ್ಚರಿಸುವ ದಾರಿ ಹಾಗಾಗಿ ಮುಚ್ಚಿಹೋಗುತ್ತದೆ. ಅಂಥವರಲ್ಲಿ ನೋಡಬೇಕಾದದ್ದು ಮೆಷಿನ್‌ನ ಲೆಕ್ಕ: ಹಿಂದಿನ ತಪಾಸಣೆಯಲ್ಲಿ 10% ಬಡಿತ ಪೇಸ್‌ಮೇಕರ್‌ನದು ಇದ್ದದ್ದು ಈಗ 80% ಆಗಿದೆಯೇ, ಥ್ರೆಶೋಲ್ಡ್ ಏರಿದೆಯೇ. ಹಾಗಾಗಿದ್ದರೆ ಬ್ಯಾಟರಿ ಚೆನ್ನಾಗಿದೆ ಎಂದು ಮನೆಗೆ ಕಳಿಸದೆ ಎಕೋ, ಬಯಾಪ್ಸಿಗೆ ಕಳಿಸಬೇಕು. ತಪಾಸಣೆಯ ಪ್ರತಿ ಪ್ರಿಂಟ್‌ಔಟನ್ನೂ ತಾರೀಖು ಹಾಕಿ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಆ ಕಾಗದದ ಅಕ್ಷರ ಮಾಸುತ್ತದೆ, ಜೆರಾಕ್ಸ್ ಮಾಡಿಸಿಡಿ.