ವಿಆರ್ ಹೆಡ್‌ಸೆಟ್ ಹಾಕ್ಸಿದ್ರೆ ಹೈಸ್ಕೂಲ್ ಮಕ್ಕಳಿಗೆ ಸೈನ್ಸ್ ಚೆನ್ನಾಗಿ ಅರ್ಥ ಆಗುತ್ತಾ?

ಸೈನ್ಸ್ ಟೀಚರ್‌ಗಳು ತುಂಬಾ ಕೇಳೋ ಪ್ರಶ್ನೆ ಇದು. ವಿಆರ್ ಅಂದ್ರೆ ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಹೆಡ್‌ಸೆಟ್ ಹಾಕ್ಕೊಂಡ್ರೆ ಕಂಪ್ಯೂಟರ್ ಮಾಡಿದ ದೃಶ್ಯದ ಒಳಗೇ ಇದ್ದಂಗೆ ಕಾಣುತ್ತೆ. ಹಳೇ ವಿದ್ಯಾರ್ಥಿಗಳೋ ಯಾರೋ ದಾನಿಗಳೋ ಬಂದು ಸ್ಕೂಲಿಗೆ ವಿಆರ್ ಲ್ಯಾಬ್ ಮಾಡಿಸಿಕೊಡ್ತೀವಿ ಅಂದ್ರೆ ಬೇಡ ಅನ್ನೋಕೂ ಆಗಲ್ಲ, ತಗೊಂಡು ಏನ್ ಮಾಡೋದು ಅಂತಾನೂ ಗೊತ್ತಾಗಲ್ಲ.

ಬರೀ ಹೆಡ್‌ಸೆಟ್ ಹಾಕ್ಸಿದ್ರೆ ಖುಷಿ ಆಗುತ್ತೆ, ಅರ್ಥ ಆಗೋದು ಗ್ಯಾರಂಟಿ ಇಲ್ಲ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸಾಂಟಾ ಬಾರ್ಬರಾದಲ್ಲಿ ಪರೋಂಗ್, ಮೇಯರ್ ಅನ್ನೋ ಇಬ್ರು ಸಂಶೋಧಕರು ಒಂದೇ ಬಯಾಲಜಿ ಪಾಠನ ಕೆಲವು ಕಾಲೇಜ್ ಸ್ಟೂಡೆಂಟ್ಸ್‌ಗೆ ವಿಆರ್‌ನಲ್ಲಿ, ಇನ್ನು ಕೆಲವರಿಗೆ ಕಂಪ್ಯೂಟರ್‌ನಲ್ಲಿ ಸ್ಲೈಡ್ ಥರ ತೋರಿಸಿದ್ರು, 2018ರಲ್ಲಿ ಬಂದ ರಿಸಲ್ಟ್ ನೋಡಿದ್ರೆ ಆಸಕ್ತಿ ಜಾಸ್ತಿ ಇದ್ದಿದ್ದು ವಿಆರ್‌ನವರಿಗೆ, ಟೆಸ್ಟ್‌ನಲ್ಲಿ ಮಾರ್ಕ್ಸ್ ಜಾಸ್ತಿ ಬಂದಿದ್ದು ಸ್ಲೈಡ್‌ನವರಿಗೆ! ಆದ್ರೆ ಅವರು ಅಲ್ಲಿಗೇ ನಿಲ್ಲಿಸ್ಲಿಲ್ಲ. ಆಮೇಲೆ ವಿಆರ್ ಪಾಠನ ತುಂಡು ತುಂಡು ಮಾಡಿ, ಪ್ರತಿ ತುಂಡು ಮುಗಿದ ಮೇಲೆ ನೋಡಿದ್ದರ ಸಾರಾಂಶ ಬರೆಸಿದ್ರು, ಆಗ ಬರೆಯದೇ ನೋಡಿದವರಿಗಿಂತ ಬರೆದವರು ಚೆನ್ನಾಗಿ ಮಾಡಿದ್ರು, ಆಸಕ್ತಿನೂ ಕಮ್ಮಿ ಆಗ್ಲಿಲ್ಲ. ನಂಗೆ ಇದೇ ಮುಖ್ಯ ಅನ್ಸುತ್ತೆ, ಕಲಿಕೆ ಆಗೋದು ಹೆಡ್‌ಸೆಟ್ ತೆಗೆದ ಮೇಲೆ.

ಹೃದಯದ ಪಾಠನೇ ತಗೊಳ್ಳಿ. ಪುಸ್ತಕದ ಚಿತ್ರದಲ್ಲಿ ಹೃದಯದ ಬಲಭಾಗ ನಮ್ಮ ಎಡಕ್ಕಿರುತ್ತೆ, ಮಕ್ಕಳು ಅಲ್ಲೇ ಗೊಂದಲ ಮಾಡ್ಕೊಳ್ಳೋದು. ವಿಆರ್‌ನಲ್ಲಿ ರಕ್ತದ ಜೊತೇನೇ ಬಲ ಹೃತ್ಕರ್ಣದಿಂದ ಬಲ ಹೃತ್ಕುಕ್ಷಿಗೆ ಇಳಿಸಿ, ಅಲ್ಲೇ ನಿಲ್ಲಿಸಿ, ಹೆಡ್‌ಸೆಟ್ ತೆಗೆಸಿ, "ಇಲ್ಲಿಂದ ರಕ್ತ ಎಲ್ಲಿಗೆ ಹೋಗುತ್ತೆ, ಯಾಕೆ?" ಅಂತ ಕೇಳಿ, ಸ್ವಂತ ಮಾತಲ್ಲಿ ಬರೀಲಿ, ಆಮೇಲೆ ಶ್ವಾಸಕೋಶಕ್ಕೆ ಕರ್ಕೊಂಡು ಹೋಗಿ.

ಎಲ್ಲಾ ಪಾಠಕ್ಕೂ ಇದು ಬೇಡ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ವಿಆರ್ ಸಂಶೋಧಕ ಜೆರೆಮಿ ಬೇಲೆನ್ಸನ್ ಹೇಳೋದೂ ಅದೇ, ನಿಜವಾಗಿ ಮಾಡೋಕೆ ಅಪಾಯ ಇರೋದು, ಅಸಾಧ್ಯ ಆಗಿರೋದು, ತೀರಾ ದುಬಾರಿ ಇರೋದು, ಇಂಥದಕ್ಕೆ ವಿಆರ್ ಇಟ್ಕೊಳ್ಳಿ ಅಂತ. ಜೀವಕೋಶದ ಒಳಗೆ, ಜ್ವಾಲಾಮುಖಿ ಹತ್ರ, ಶನಿಯ ಬಳೆಗಳ ಮಧ್ಯೆ ಓಡಾಡೋದಕ್ಕೆ ಸರಿ. ಪೀನ ಮಸೂರ ಹಿಡಿದು ಬಿಸಿಲಲ್ಲಿ ಪೇಪರ್ ಸುಡೋದು, ಲಿಟ್ಮಸ್ ಅದ್ದೋದು ಇವನ್ನೆಲ್ಲ ಕೈಯಾರೆ ಮಾಡ್ಲಿ ಬಿಡಿ ಮಕ್ಕಳು, ದಯವಿಟ್ಟು ಅದನ್ನ ಅವರಿಂದ ಕಿತ್ಕೋಬೇಡಿ.

ಕಮ್ಮಿ ಖರ್ಚಲ್ಲಿ ಶುರು ಮಾಡೋರು ಫೋನ್ ಇಡೋ ರಟ್ಟಿನ ಡಬ್ಬ ತಗೋಬಹುದು, ಆದ್ರೆ ಫೋನ್‌ನಲ್ಲಿ ಗೈರೋಸ್ಕೋಪ್ (ಫೋನ್ ತಿರುಗೋದನ್ನ ಗುರುತಿಸೋ ಸೆನ್ಸರ್) ಇದೆಯಾ ನೋಡ್ಕೊಳ್ಳಿ, ಇಲ್ದಿದ್ರೆ ತಲೆ ತಿರುಗಿಸಿದ್ರೂ ದೃಶ್ಯ ಸರಿಯಾಗಿ ತಿರುಗಲ್ಲ. ಕಣ್ಣಿಗೆ ಓಡಾಡಿದಂಗೆ ಕಂಡು ದೇಹ ಅಲ್ಲಾಡದೇ ಇದ್ರೆ ಕೆಲವರಿಗೆ ವಾಕರಿಕೆ ಬರುತ್ತೆ, ಹಾಗಾಗಿ ಕೂರಿಸಿಯೇ ತೋರ್ಸಿ, ಬೇಡ ಅಂದ ಮಗುಗೆ ಬಲವಂತ ಬೇಡ. ಹೆಡ್‌ಸೆಟ್ಟೇ ಬೇಡ ಅಂದ್ರೆ, ಸ್ಕ್ರೀನ್ ಮೇಲೇ ಪ್ರಯೋಗ ಮಾಡಿ ನೋಡೋ ಕೊಲೊರಾಡೋ ಯೂನಿವರ್ಸಿಟಿಯ ಫೆಟ್ (PhET) ಸಿಮ್ಯುಲೇಶನ್‌ಗಳಂತೂ ಫ್ರೀ, ಮಾಮೂಲಿ ಕಂಪ್ಯೂಟರ್ ಸಾಕು, ಕೆಲವು ಕನ್ನಡದಲ್ಲೂ ಇವೆ.

ದಾನಿಗಳು ಕೇಳಿದ್ರೆ ಇಡೀ ಕ್ಲಾಸಿಗೆ ಆಗೋಷ್ಟು ಹೆಡ್‌ಸೆಟ್ ಕೇಳ್ಬೇಡಿ. ಐದಾರು ಸಾಕು, ಒಂದು ಗುಂಪು ನೋಡೋವಾಗ ಇನ್ನೊಂದು ಗುಂಪು ಬರೀತಿರುತ್ತೆ, ಉಳಿದ ದುಡ್ಡಲ್ಲಿ ಒಳ್ಳೇ ಮೈಕ್ರೋಸ್ಕೋಪ್ ಕೊಡಿಸೋಕೆ ಹೇಳಿ.